1:8 ಅಳತೆಯಲ್ಲಿ ಸ್ಲೋ-ಮೋ-ಶನ್ 4: ಹಳೆಯ ರೇಸಿಂಗ್ ಹೈಡ್ರೋಪ್ಲೇನ್ ಮಾದರಿ ಕಟ್ಟುವ ಕ್ರಮ

ಹೈಡ್ರೋಪ್ಲೇನ್ ಎಂದರೆ ನೀರನ್ನು ಸೀಳದೆ ಅದರ ಮೇಲೆ ಜಾರುವ ರೇಸು ದೋಣಿ. ವೇಗ ಹಿಡಿದಾಗ ಅದು ನೀರನ್ನು ಮುಟ್ಟುವುದು ಮೂರೇ ಕಡೆ. ಮುಂದೆ ಎಡಬಲಕ್ಕೆ ಒಂದೊಂದು ಸ್ಪಾನ್ಸನ್ (ಮೈಯಿಂದ ಪಕ್ಕಕ್ಕೆ ಚಾಚಿದ ತೇಲುಭಾಗ), ಹಿಂದೆ ಅರ್ಧ ಮಾತ್ರ ಮುಳುಗಿದ ಪ್ರೊಪೆಲ್ಲರ್. ಮಿಕ್ಕ ಮೈಯೆಲ್ಲ ಗಾಳಿಯಲ್ಲೇ ಇರುತ್ತದೆ. ಈ ವಿಧಾನಕ್ಕೆ ಹೆಸರು ತಂದುಕೊಟ್ಟ ದೋಣಿ ಅಮೆರಿಕದ ಸಿಯಾಟಲ್‌ನ ಸ್ಲೋ-ಮೋ-ಶನ್ 4. ಮಾಲೀಕ ಸ್ಟ್ಯಾನ್ಲಿ ಸೇರ್ಸ್, ವಿನ್ಯಾಸ ಟೆಡ್ ಜೋನ್ಸ್, ಕಟ್ಟಿದ್ದು ಆಂಕರ್ ಜೆನ್ಸನ್. 1950ರ ಜೂನ್ 26ರಂದು ವಾಷಿಂಗ್ಟನ್ ಸರೋವರದ ಮೇಲೆ ಅದು ಗಂಟೆಗೆ 160.323 ಮೈಲಿ, ಅಂದರೆ 258 ಕಿ.ಮೀ. ಓಡಿತು. ಅದಕ್ಕೆ ಮೊದಲು ಮಾಲ್ಕಂ ಕ್ಯಾಂಬೆಲ್ 1939ರಲ್ಲಿ ಮಾಡಿದ್ದ ದಾಖಲೆ 141.740 ಮೈಲಿ. ಒಂದೇ ಏಟಿಗೆ ಹದಿನೆಂಟು ಮೈಲಿಗೂ ಹೆಚ್ಚು ಏರಿಸಿದ ದೋಣಿ ಇದು. 1952ರ ಜುಲೈ 7ರಂದು ತನ್ನದೇ ದಾಖಲೆಯನ್ನು 178.497 ಮೈಲಿಗೆ ಒಯ್ದಿತು.

ಮಾದರಿ ಕಟ್ಟುವವರಿಗೆ ಇದರಿಂದ ತಿಳಿಯಬೇಕಾದದ್ದು ಒಂದು: ಈ ದೋಣಿಯ ಚೆಲುವು ಮೇಲಿನ ಮಹಾಗನಿಯಲ್ಲಿ ಕಂಡರೂ ಅದರ ಜೀವ ಇರುವುದು ತಳದಲ್ಲಿ. ತಳದಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಎಷ್ಟು ಒಳ್ಳೆಯ ಮೋಟಾರ್ ಹಾಕಿದರೂ ದೋಣಿ ಕುಣಿಯುತ್ತದೆ, ಎಳೆಯುತ್ತದೆ, ಕೊನೆಗೆ ಮಗುಚುತ್ತದೆ. ಹಾಗಾಗಿ ಈ ಲೇಖನದಲ್ಲಿ ತಳಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಗಾಜಿನ ಪೆಟ್ಟಿಗೆಯಲ್ಲಿ ಇಡಲು ಮಾತ್ರ ಕಟ್ಟುವವರು ಮೋಟಾರಿನ ಭಾಗ ಬಿಟ್ಟು ಓದಬಹುದು. ತಳದ ಭಾಗ ಬಿಡಬೇಡಿ.

ಅಳತೆ, ನಕ್ಷೆ, ಫೋಟೋ

ಮೂಲ ದೋಣಿಯ ಉದ್ದ 28 ಅಡಿ. 1:8ಕ್ಕೆ ಇಳಿಸಿದರೆ 42 ಇಂಚು, 1067 ಮಿ.ಮೀ. ದೊಡ್ಡ ಹೈಡ್ರೋಪ್ಲೇನ್‌ಗಳ ಮಾದರಿಗೆ ಅಮೆರಿಕದ ಹವ್ಯಾಸಿಗಳು ಹೆಚ್ಚಾಗಿ ಬಳಸುವ ಅಳತೆಯೂ ಇದೇ. ಮೋಟಾರ್, ಬ್ಯಾಟರಿ ಆರಾಮವಾಗಿ ಕೂರುತ್ತವೆ, ಕಾರಿನ ಡಿಕ್ಕಿಯಲ್ಲೂ ಹಿಡಿಯುತ್ತದೆ.

ಉದ್ದ ಎಂಟನೇ ಒಂದಾದರೆ ತೂಕ ಎಂಟನೇ ಒಂದಲ್ಲ, 512ನೇ ಒಂದು. ವೇಗದ ಲೆಕ್ಕ ಇನ್ನೊಂದು ಬಗೆ: ನೀರಿನ ಅಲೆ, ಎರಚಲು ಮೂಲದ ಹಾಗೇ ಕಾಣಬೇಕಾದರೆ ವೇಗವನ್ನು ಎಂಟರ ವರ್ಗಮೂಲದಿಂದ, ಅಂದರೆ 2.83ರಿಂದ ಭಾಗಿಸಬೇಕು. 258 ಕಿ.ಮೀ. ಓಡಿದ ದೋಣಿಯ ಮಾದರಿ 91 ಕಿ.ಮೀ. ಓಡಿದರೆ ಸಾಕು, ಹಿಂದೆ ಏಳುವ ನೀರಿನ ಜುಟ್ಟು ಹಳೆಯ ಫೋಟೋದಲ್ಲಿರುವಂತೆಯೇ ಕಾಣುತ್ತದೆ. ಅದಕ್ಕಿಂತ ಹೆಚ್ಚು ವೇಗ ಬಯಸುವುದು ಈ ದೋಣಿಗೆ ಒಗ್ಗುವ ಮಾತಲ್ಲ.

ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸುವಾಗ ಅದರ ಮೂಲೆಯಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು 100 ಮಿ.ಮೀ. ಗೆರೆ ಎಳೆದಿರಿ. ಪ್ರಿಂಟ್ ಬಂದ ಮೇಲೆ ಎರಡನ್ನೂ ಅಳೆಯಿರಿ. ದೊಡ್ಡ ಪ್ರಿಂಟರ್‌ಗಳು ಕಾಗದ ಎಳೆಯುವ ದಿಕ್ಕಿನಲ್ಲಿ ನೂರಕ್ಕೆ ಒಂದರಷ್ಟು ತಪ್ಪುವುದುಂಟು. ಇಡೀ ದೋಣಿಯ ಮೇಲೆ ಅದು 10 ಮಿ.ಮೀ.ಗೂ ಹೆಚ್ಚಾಗುತ್ತದೆ.

ರೇಸಿಂಗ್ ದೋಣಿಗಳು ಪ್ರತಿ ಋತುವಿನಲ್ಲೂ ಚೂರುಪಾರು ಬದಲಾಗುತ್ತಿದ್ದವು. ಆದ್ದರಿಂದ ಒಂದು ವರ್ಷ ಆರಿಸಿಕೊಳ್ಳಿ: ದಾಖಲೆಯ 1950, ಅಥವಾ ಅಮೆರಿಕದ ಮೋಟಾರ್ ದೋಣಿ ರೇಸು ಗೋಲ್ಡ್ ಕಪ್ ಗೆದ್ದ 1950, 1952, 1953ರಲ್ಲಿ ಒಂದು. ಆ ವರ್ಷದ ಫೋಟೋಗಳನ್ನಷ್ಟೇ ಮುಂದಿಟ್ಟುಕೊಳ್ಳಿ. ಮೂಲ ದೋಣಿ ಈಗ ಸಿಯಾಟಲ್‌ನ ಇತಿಹಾಸ ಮತ್ತು ಉದ್ಯಮ ವಸ್ತುಸಂಗ್ರಹಾಲಯದಲ್ಲಿದೆ; ಅಲ್ಲಿ ತೆಗೆದ ಬಣ್ಣದ ಫೋಟೋಗಳು ಸಾಕಷ್ಟು ಸಿಗುತ್ತವೆ. ಆದರೆ 1956ರಲ್ಲಿ ಡೆಟ್ರಾಯಿಟ್‌ನಲ್ಲಿ ಅದು ಭೀಕರವಾಗಿ ಒಡೆದು ಆಮೇಲೆ ರಿಪೇರಿಯಾದದ್ದು ಎನ್ನುವುದು ನೆನಪಿರಲಿ. ಇವತ್ತಿನ ಫೋಟೋ ಆಕಾರಕ್ಕೆ ಸರಿ, ಬಣ್ಣ ಮತ್ತು ಸಣ್ಣ ಬಿಡಿಭಾಗಗಳಿಗೆ ಅಂದಿನ ಫೋಟೋವೇ ಪ್ರಮಾಣ.

ಸಾಮಾನು

ಫ್ರೇಮುಗಳಿಗೆ ಮತ್ತು ಉದ್ದಹಲಗೆಗಳಿಗೆ 3 ಮಿ.ಮೀ. ಬರ್ಚ್ ಪ್ಲೈ, 2 ಅಡಿ × 4 ಅಡಿಯ ಒಂದು ಹಾಳೆ. ತಳಕ್ಕೆ 1.5 ಮಿ.ಮೀ. ಪ್ಲೈ, ಪಕ್ಕ ಮತ್ತು ಡೆಕ್‌ಗೆ 0.8 ಮಿ.ಮೀ. ಪ್ಲೈ, ಅದರ ಮೇಲೆ 0.5 ಮಿ.ಮೀ. ಮಹಾಗನಿ ಅಥವಾ ಸಪೇಲಿ ವೆನಿಯರ್. ಪೀಠೋಪಕರಣದ ಪ್ಲೈ ಬೇಡ. ಅದರ ನಡುವಿನ ಪದರದಲ್ಲಿ ಟೊಳ್ಳು ಇರುತ್ತದೆ, ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ತೇಗದ ವೆನಿಯರ್ ಕೈಗೆ ಸುಲಭವಾಗಿ ಸಿಕ್ಕಿದರೂ ಬಳಸಬೇಡಿ. ಅದರ ಎಳೆ ದಪ್ಪ, 1:8ರಲ್ಲಿ ಬಾಗಿಲಿನ ತುಂಡು ಅಂಟಿಸಿದಂತೆ ಕಾಣುತ್ತದೆ. ಮರದ ಎಣ್ಣೆಯಂಶದಿಂದ ಎಪಾಕ್ಸಿಯೂ ಸರಿಯಾಗಿ ಹಿಡಿಯುವುದಿಲ್ಲ.

ಉದ್ದಪಟ್ಟಿಗಳಿಗೆ 6 × 6 ಮಿ.ಮೀ. ನೇರ ಎಳೆಯ ಹಗುರ ಮರ, ಮೀಟರ್ ಉದ್ದದ್ದು ಹನ್ನೆರಡು. ಮುಂಭಾಗದ ಗುಂಡು ಮೂತಿಗೆ ಬಾಲ್ಸಾ. ಕಾಕ್‌ಪಿಟ್ಟಿನ ಗೊಂಬೆಗಳ ತಲೆ, ಎಂಜಿನ್ನಿನ ಸಣ್ಣ ಭಾಗಗಳಿಗೆ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರಕ್ಕಿಂತ ಒಳ್ಳೆಯದು ಬೇಕಿಲ್ಲ. ಎಳೆ ಕಾಣದಷ್ಟು ನಯ, ಚಾಕುವಿಗೆ ಒಪ್ಪುತ್ತದೆ, ಸೀಳುವುದಿಲ್ಲ.

ಅಂಟು ಎರಡೇ ಬಗೆ: ಜೋಡಣೆಗೆ 30 ನಿಮಿಷದ ಎಪಾಕ್ಸಿ, ಹೊದಿಕೆಗೆ ತೆಳು ಲ್ಯಾಮಿನೇಟಿಂಗ್ ಎಪಾಕ್ಸಿ. ಎರಡನೆಯದು ಒಟ್ಟು 500 ಗ್ರಾಂ ಸಾಕು. ಬಡಗಿಗಳ ಸಾಮಾನ್ಯ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ. ಸೂಪರ್‌ಗ್ಲೂ ತಾತ್ಕಾಲಿಕ ಹಿಡಿತಕ್ಕೆ ಮಾತ್ರ. ಗಟ್ಟಿಯಾದ ಮೇಲೆ ಪೆಡಸಾಗಿ ಅದುರುವಿಕೆಗೆ ಬಿಟ್ಟುಕೊಳ್ಳುತ್ತದೆ. ತಳಕ್ಕೆ ಚದರ ಮೀಟರಿಗೆ 50 ಗ್ರಾಂ ತೂಕದ ಗಾಜಿನ ಬಟ್ಟೆ, ಡೆಕ್‌ಗೆ 25 ಗ್ರಾಮಿನದು.

ಕೆಲಸದ ಮೇಜು

ಮರದ ಹಲಗೆ ಎಷ್ಟೇ ನೇರ ಅನಿಸಿದರೂ ಋತು ಬದಲಾದಾಗ ತಿರುಚುತ್ತದೆ. ನಮ್ಮಲ್ಲಿ ಇದಕ್ಕೆ ಬಹಳ ಸುಲಭದ ಉಪಾಯವಿದೆ: ಅಡುಗೆಮನೆ ಕಟ್ಟೆಗೆ ಹಾಸುವ ಪಾಲಿಶ್ ಗ್ರಾನೈಟ್. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಮಿಕ್ಕ ತುಂಡನ್ನು ಕಲ್ಲಿನ ಅಂಗಡಿಯವರು ಅಗ್ಗಕ್ಕೆ ಕೊಡುತ್ತಾರೆ. ಕೊಳ್ಳುವ ಮೊದಲು ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಉದ್ದಕ್ಕೂ, ಕರ್ಣಕ್ಕೂ ಬೆಳಕು ಸೋರಬಾರದು. ಕಟ್ಟುವಾಗ ಇದೇ ಮೇಜು, ಕಟ್ಟಿದ ಮೇಲೆ ಇದೇ ಅಳತೆಗಲ್ಲು. ನಡುವೆ ಒಂದು ಉದ್ದಗೆರೆ, ಫ್ರೇಮುಗಳ ಜಾಗಕ್ಕೆ ಅಡ್ಡಗೆರೆ ಎಳೆದು ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ.

ಫ್ರೇಮುಗಳು

ನಕ್ಷೆಯ ಗೆರೆ ದೋಣಿಯ ಹೊರಮೈ. ಫ್ರೇಮು ಅದಕ್ಕಿಂತ ಹೊದಿಕೆಯ ದಪ್ಪದಷ್ಟು ಚಿಕ್ಕದಿರಬೇಕು: ತಳದಲ್ಲಿ 1.5 ಮಿ.ಮೀ., ಮೇಲೆ ಪ್ಲೈ ಮತ್ತು ವೆನಿಯರ್ ಸೇರಿ 1.3, ಪಕ್ಕದಲ್ಲೂ 1.3. ಇದನ್ನು ಮರೆತರೆ ದೋಣಿ ಊದಿಕೊಂಡಂತೆ ಕಾಣುತ್ತದೆ, ಯಾಕೆ ಎಂದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಎಂಟು ಅಥವಾ ಒಂಬತ್ತು ಫ್ರೇಮು ಸಾಕು, ನಡುವೆ 110ರಿಂದ 130 ಮಿ.ಮೀ. ಅಂತರ. ಇವುಗಳನ್ನು ಮೂತಿಯಿಂದ ಹಿಂದಿನ ಹಲಗೆಯವರೆಗೆ ಹೋಗುವ ಎರಡು ಸಮಾನಾಂತರ ಉದ್ದಹಲಗೆಗಳು ಕಚ್ಚಿಕೊಳ್ಳುತ್ತವೆ. ಮೋಟಾರ್, ಬ್ಯಾಟರಿ ಕೂರುವುದು ಇವೆರಡರ ನಡುವೆ. ಅಂತರ ಸುಮಾರು 110 ಮಿ.ಮೀ. ಇಡಿ. ಪ್ರತಿ ಫ್ರೇಮಿನ ಡೆಕ್ ಕಡೆಗೆ ಎರಡು ಕಾಲು ಬಿಟ್ಟೇ ಕತ್ತರಿಸಿ. ಎಲ್ಲ ಕಾಲುಗಳ ತುದಿಯೂ ಹಿಂಭಾಗದ ತಳದ ಗೆರೆಯಿಂದ ಒಂದೇ ಎತ್ತರದಲ್ಲಿರಬೇಕು. ದೋಣಿಯನ್ನು ಬೋರಲು ಕಟ್ಟುವುದು ಈ ಕಾಲುಗಳ ಮೇಲೆ. ಲೇಸರ್ ಕಟಿಂಗ್ ಮಾಡಿಸುವವರು ಕಚ್ಚಿನ ಅಗಲವನ್ನು ಪ್ಲೈನ ನಿಜವಾದ ದಪ್ಪ ಅಳೆದು ಹೇಳಬೇಕು. 3 ಮಿ.ಮೀ. ಎಂದು ಬರೆದಿರುವ ಹಾಳೆ 2.8 ಇರುವುದೂ ಉಂಟು, 3.2 ಇರುವುದೂ ಉಂಟು.

ಕಾಲುಗಳ ಪಕ್ಕದಲ್ಲಿ 25 ಮಿ.ಮೀ. ಅಲ್ಯೂಮಿನಿಯಂ ಎಲ್-ಆಂಗಲ್ ತುಂಡುಗಳನ್ನು ಕಲ್ಲಿಗೆ ಸೂಪರ್‌ಗ್ಲೂನಿಂದ ಅಂಟಿಸಿ (ಆ ಜಾಗದಲ್ಲಿ ಪ್ಲಾಸ್ಟಿಕ್ ಕತ್ತರಿಸಿ), ಮೂಲೆಮಟ್ಟ ಹಿಡಿದು ಫ್ರೇಮನ್ನು ನಿಲ್ಲಿಸಿ ಕ್ಲಿಪ್ ಹಾಕಿ. ಎಲ್ಲವನ್ನೂ ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಉದ್ದಹಲಗೆ ಒತ್ತಿದರೆ ಮಾತ್ರ ಕೂರುತ್ತದೆ ಎಂದಾದರೆ ಕಚ್ಚನ್ನು ಅರದಿಂದ ಸಡಿಲಿಸಿ. ಬಲವಂತದಿಂದ ಕೂರಿಸಿದ ಮರ ಕಲ್ಲಿನಿಂದ ಎತ್ತಿದ ದಿನವೇ ತನ್ನ ಆಕಾರಕ್ಕೆ ಮರಳುತ್ತದೆ, ಇಡೀ ದೋಣಿ ಜಿಲೇಬಿಯಂತೆ ತಿರುಚುತ್ತದೆ.

ಸ್ಪಾನ್ಸನ್: ಅವಸರ ಮಾಡಬಾರದ ಜಾಗ

ದೋಣಿಯ ಮುಂಭಾಗದ ಭಾರವೆಲ್ಲ ನೀರಿಗೆ ಒರಗುವುದು ಈ ಎರಡು ಮೇಲ್ಮೈಗಳ ಹಿಂದಿನ ಕೆಲವು ಸೆಂಟಿಮೀಟರುಗಳ ಮೇಲೆ. ಹಿಂಭಾಗದ ತಳಕ್ಕೆ ಹೋಲಿಸಿದರೆ ಸ್ಪಾನ್ಸನ್ನಿನ ಓಟದ ಮೇಲ್ಮೈ ಮುಂದಕ್ಕೆ 3 ಡಿಗ್ರಿ ಏರಿರಲಿ. ಡಿಗ್ರಿಯನ್ನು ಕೋನಮಾಪಕದಲ್ಲಿ ಅಳೆಯಲು ಹೋಗಬೇಡಿ. 200 ಮಿ.ಮೀ. ಉದ್ದಕ್ಕೆ 10.5 ಮಿ.ಮೀ. ಏರು ಎಂದರೆ 3 ಡಿಗ್ರಿ. ಡ್ರಿಲ್ ಬಿಟ್‌ನ ಹಿಂಬದಿ ತೂರಿಸಿಯೇ ಇದನ್ನು ಅಳೆಯಬಹುದು. ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಅರ್ಧ ಮಿಲಿಮೀಟರ್ ದಾಟಬಾರದು. ನಾಲ್ಕು ಡಿಗ್ರಿ ದಾಟಿದರೆ ಮೂತಿ ಗಾಳಿಗೆ ಏಳುತ್ತದೆ, ಎರಡಕ್ಕೆ ಇಳಿದರೆ ದೋಣಿ ನೀರಿಗೆ ಅಂಟಿಕೊಂಡು ಓಡುತ್ತದೆ.

ಎರಡೂ ಸ್ಪಾನ್ಸನ್‌ಗಳ ಫ್ರೇಮುಗಳನ್ನು ಜೋಡಿ ಹಾಳೆಯಲ್ಲಿ ಒಟ್ಟಿಗೇ ಕತ್ತರಿಸಿ, ಒಂದನ್ನು ತಿರುಗಿಸಿ ಬಳಸಿ. ಎರಡಕ್ಕೂ ಒಂದೇ ದಿನ, ಒಂದೇ ಡಬ್ಬದ ಅಂಟು ಹಾಕಿ, ಒಟ್ಟಿಗೇ ತಳದ ಪ್ಲೈ ಮುಚ್ಚಿ. ಒಂದನ್ನು ಇವತ್ತು, ಇನ್ನೊಂದನ್ನು ಮುಂದಿನ ವಾರ ಮುಚ್ಚಿದರೆ ಅವು ಅಣ್ಣತಮ್ಮ ಆಗುತ್ತವೆಯೇ ಹೊರತು ಅವಳಿ ಆಗುವುದಿಲ್ಲ.

ಮುಚ್ಚುವ ಮೊದಲು ಒಳಗಿನ ಮರಕ್ಕೆಲ್ಲ ಎಪಾಕ್ಸಿ ಎರಡು ಕೋಟ್ ಹಚ್ಚಿ, ಥರ್ಮೋಕೋಲ್ ತುಂಡುಗಳನ್ನು ಸಡಿಲವಾಗಿ ತುಂಬಿ. ಥರ್ಮೋಕೋಲ್ ಎಪಾಕ್ಸಿಗೆ ಕರಗುವುದಿಲ್ಲ, ಪಾಲಿಯೆಸ್ಟರ್ ರೆಸಿನ್ ಮತ್ತು ಸೂಪರ್‌ಗ್ಲೂಗೆ ಕರಗುತ್ತದೆ. ಉಬ್ಬುವ ಸ್ಪ್ರೇ ಫೋಮ್ ಮುಚ್ಚಿದ ಜಾಗಕ್ಕೆ ಹಾಕಲೇಬೇಡಿ: ಅದು ಉಬ್ಬಿದಾಗ 1.5 ಮಿ.ಮೀ. ಪ್ಲೈ ಹೊಟ್ಟೆಯಂತೆ ಹೊರಗೆ ಬರುತ್ತದೆ, ಆಮೇಲೆ ಆ ತಳ ನೇರವಾಗುವುದಿಲ್ಲ.

ಇನ್ನು ಅಂಚು. ಸ್ಪಾನ್ಸನ್ನಿನ ಹಿಂದಿನ ಅಂಚು ಮತ್ತು ದೋಣಿಯ ಹಿಂದಿನ ಹಲಗೆಯ ಕೆಳ ಅಂಚು ಕತ್ತಿಯಂತಿರಬೇಕು. ಅಂಚು ದುಂಡಗಿದ್ದರೆ ನೀರು ಅಲ್ಲಿ ಬಿಟ್ಟುಕೊಳ್ಳದೆ ದುಂಡನ್ನೇ ಬಳಸಿಕೊಂಡು ಮೇಲೆ ಹತ್ತುತ್ತದೆ, ದೋಣಿಯನ್ನು ಕೆಳಕ್ಕೆ ಹೀರುತ್ತದೆ. ಪ್ಲೈನ ಅಂಚು ತಾನಾಗಿ ಹಾಗೆ ನಿಲ್ಲುವುದಿಲ್ಲ. ಅಂಚಿನಿಂದ 3 ಮಿ.ಮೀ. ಪ್ಲೈ ಕೆತ್ತಿ ತೆಗೆದು, ಹೊರಗಡೆ ಟೇಪಿನ ಕಟ್ಟೆ ಕಟ್ಟಿ, ಸಿಲಿಕಾ ಪುಡಿ ಕಲಸಿದ ಗಟ್ಟಿ ಎಪಾಕ್ಸಿ ತುಂಬಿ. ಒಂದು ದಿನ ಬಿಟ್ಟು, ಗಾಜಿನ ಪಟ್ಟಿಗೆ ಅಂಟಿಸಿದ 220ರ ಎಮರಿ ಪೇಪರಿನಿಂದ ಉಜ್ಜಿ, ಆಮೇಲೆ 400. ಕೈಯಲ್ಲಿ ಹಿಡಿದ ಪೇಪರಿನಿಂದ ಎಂದಿಗೂ ಬೇಡ. ಬೆರಳು ಅಂಚನ್ನು ದುಂಡಗೆ ಮಾಡಿಯೇ ತೀರುತ್ತದೆ. ಪರೀಕ್ಷೆ ಹೀಗೆ: ಹೆಬ್ಬೆರಳಿನ ಉಗುರಿನ ಮೇಲೆ ಅಂಚನ್ನು ಮೆಲ್ಲಗೆ ಎಳೆದರೆ ತೆಳುವಾದ ಬಿಳಿ ಸಿಪ್ಪೆ ಏಳಬೇಕು. ಕಿಟಕಿಯ ಕಡೆ ಹಿಡಿದು ನೋಡಿದಾಗ ಅಂಚಿನುದ್ದಕ್ಕೂ ಬೆಳಕಿನ ಗೆರೆ ಕಂಡರೆ ಅಲ್ಲಿ ಇನ್ನೂ ದುಂಡು ಇದೆ ಎಂದರ್ಥ. ಚೂಪಾದ ಅಂಚು ಬೆಳಕನ್ನು ಹಿಡಿದು ನಿಲ್ಲಿಸುವುದಿಲ್ಲ.

ತಳ ಮುಚ್ಚುವುದು, ಕಲ್ಲಿನಿಂದ ಎತ್ತುವುದು

ಹಿಂಭಾಗದ ತಳವನ್ನು ಒಂದೇ ತುಂಡಿನಲ್ಲಿ ಮುಚ್ಚಿ. ಮೇಲೆ ಸಪಾಟಾದ ಇನ್ನೊಂದು ಹಲಗೆ, ಅದರ ಮೇಲೆ ಇಟ್ಟಿಗೆ. ಬರೀ ಕ್ಲಾಂಪ್ ಹಾಕಿದರೆ ಕ್ಲಾಂಪ್ ಇದ್ದ ಕಡೆ ತಗ್ಗು, ನಡುವೆ ಉಬ್ಬು ಉಳಿಯುತ್ತದೆ. ಫ್ರೇಮುಗಳ ನಡುವೆ ಪ್ಲೈ ಒಳಕ್ಕೆ ಬಾಗಿದ್ದರೆ ಪುಟ್ಟಿ ಹಚ್ಚಿ ನೇರ ಮಾಡಬಹುದು, ಹೊರಕ್ಕೆ ಉಬ್ಬಿದ್ದರೆ ಉಜ್ಜಿ ನೇರ ಮಾಡಲು ಹೋಗಬೇಡಿ. ಪ್ಲೈನ ಮೊದಲ ಪದರವೇ ಹೋಗುತ್ತದೆ. 50 ಗ್ರಾಂ ಬಟ್ಟೆಯನ್ನು ಎಪಾಕ್ಸಿಯಲ್ಲಿ ಹಾಸಿ, ಹಳೆಯ ಎಟಿಎಂ ಕಾರ್ಡಿನಿಂದ ಹೆಚ್ಚಿನ ರೆಸಿನ್ ಕೆರೆದು ತೆಗೆಯಿರಿ. ಬಟ್ಟೆಯ ನೇಯ್ಗೆ ಕಾಣುತ್ತಿರಬೇಕು. ಹೊಳೆಯುವಷ್ಟು ರೆಸಿನ್ ಉಳಿದರೆ ಅದು ಬರೀ ತೂಕ.

48 ಗಂಟೆ ಕಳೆಯುವವರೆಗೆ ಕಲ್ಲಿನಿಂದ ಎತ್ತಬೇಡಿ. ಎತ್ತಿದ ಮೇಲೆ ಕಾಲುಗಳನ್ನು ಗರಗಸದಿಂದ ಕೊಯ್ದು, ದೋಣಿಯನ್ನು ನೆಟ್ಟಗೆ ಕಲ್ಲಿನ ಮೇಲಿಟ್ಟು ನಾಲ್ಕು ಮೂಲೆಗೂ ಬೆರಳು ಒತ್ತಿ. ಟಕಟಕ ಅಂದರೆ ತಿರುಚಿದೆ. ಡೆಕ್ ಮುಚ್ಚುವುದಕ್ಕೆ ಮುಂಚೆ ಮಾತ್ರ ಇದನ್ನು ಸರಿಪಡಿಸಬಹುದು: ಎದುರು ದಿಕ್ಕಿಗೆ ತಿರುಚಿ ತೂಕ ಹೇರಿ, ಕರ್ಣಕ್ಕೆ 6 ಮಿ.ಮೀ. ಪಟ್ಟಿ ಅಂಟಿಸಿ. ಈ ಹಂತದಲ್ಲಿ ತೂಗಿ ನೋಡಿ. ಡೆಕ್ ಇಲ್ಲದ ಮೈ 1.2 ಕಿಲೊ ದಾಟಿದ್ದರೆ ಉದ್ದಹಲಗೆಗಳಲ್ಲಿ, ಫ್ರೇಮುಗಳಲ್ಲಿ ರಂಧ್ರ ಕೊರೆದು ಹಗುರ ಮಾಡಿ.

ಮೋಟಾರ್, ಶಾಫ್ಟ್, ಸ್ಟ್ರಟ್

ಡೆಕ್ ಮುಚ್ಚುವ ಮೊದಲು ಇದೆಲ್ಲ ಕೂತು ಪರೀಕ್ಷೆಯಾಗಿರಬೇಕು. ಸಿದ್ಧ ದೋಣಿಯ ಒಟ್ಟು ತೂಕ 4.5ರಿಂದ 5 ಕಿಲೊ ಎಂದಿಟ್ಟುಕೊಂಡರೆ 40 ಮಿ.ಮೀ. ವ್ಯಾಸ, 80 ಮಿ.ಮೀ. ಉದ್ದದ ಬ್ರಶ್‌ಲೆಸ್ ಮೋಟಾರ್, 1200 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಇಷ್ಟು ಸುತ್ತು ಎಂಬ ಲೆಕ್ಕ) ಆಸುಪಾಸಿನದು, 6ಎಸ್ ಅಂದರೆ ಆರು ಸೆಲ್‌ಗಳ ಲಿಪೊ ಬ್ಯಾಟರಿ, ನೀರಿನಿಂದ ತಂಪಾಗುವ 150 ಆಂಪಿಯರ್ ವೇಗನಿಯಂತ್ರಕ, ಅಂದರೆ ಇಎಸ್‌ಸಿ ಹೊಂದುತ್ತವೆ. ಲೆಕ್ಕ ಹೀಗಿದೆ: 22.2 ವೋಲ್ಟ್ × 1200 ಅಂದರೆ ನಿಮಿಷಕ್ಕೆ 26,600 ಸುತ್ತು. ಭಾರ ಬಿದ್ದಾಗ 85 ಶೇಕಡಾ ಎಂದರೂ 22,600. 52 ಮಿ.ಮೀ. ವ್ಯಾಸ, 1.4 ಪಿಚ್ ಅನುಪಾತದ ಪ್ರೊಪೆಲ್ಲರ್ ಒಂದು ಸುತ್ತಿಗೆ 73 ಮಿ.ಮೀ. ಮುಂದೆ ಹೋಗುತ್ತದೆ. ಗಂಟೆಗೆ 99 ಕಿ.ಮೀ. ಆಯಿತು, ಜಾರುವಿಕೆ ಕಳೆದರೆ ಬೇಕಾದ ವೇಗದ ಹತ್ತಿರ ಬಂದೆವು. ಮೊದಲ ಓಟಗಳಿಗೆ 4ಎಸ್ ಬ್ಯಾಟರಿ ಹಾಕಿ.

ಸ್ಟ್ರಟ್ ಎಂದರೆ ದೋಣಿಯ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದಿಡುವ ಲೋಹದ ಕಾಲು. ಅದರ ಆಳ ಗುರುತಿಸುವ ಬಗೆ: ದೋಣಿಯನ್ನು ಕಲ್ಲಿನ ಮೇಲಿಟ್ಟು ಸ್ಪಾನ್ಸನ್ನಿನ ಹಿಂದಿನ ಅಂಚುಗಳು ಮತ್ತು ಸ್ಟ್ರಟ್ಟಿನ ತಳ ಮೂರೂ ಕಲ್ಲಿಗೆ ತಾಗುವಂತೆ ಮಾಡಿ. ಆಗ ದೋಣಿಯ ಹಿಂದಿನ ಹಲಗೆಯ ಕೆಳ ಅಂಚು ಕಲ್ಲಿನಿಂದ 8ರಿಂದ 10 ಮಿ.ಮೀ. ಮೇಲಿರಲಿ. ಹೀಗಿದ್ದರೆ ಪ್ರೊಪೆಲ್ಲರ್ ಅರ್ಧ ನೀರಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತದೆ. ಫ್ಲೆಕ್ಸ್ ಶಾಫ್ಟ್ (ಹೆಣೆದ ತಂತಿಯ ಬಾಗುವ ಶಾಫ್ಟ್) ಭಾರ ಬಿದ್ದಾಗ ಬಿಗಿಯಾಗಿ ಸುತ್ತಿಕೊಂಡು ಗಿಡ್ಡವಾಗುತ್ತದೆ. ಪ್ರೊಪೆಲ್ಲರನ್ನು ಕಚ್ಚಿ ತಿರುಗಿಸುವ ತುಂಡು, ಅಂದರೆ ಡ್ರೈವ್ ಡಾಗ್, ಮತ್ತು ಸ್ಟ್ರಟ್ ನಡುವೆ 5 ಮಿ.ಮೀ. ಸಂದು ಬಿಡದಿದ್ದರೆ ಅದು ಸ್ಟ್ರಟ್ಟನ್ನು ಉಜ್ಜಿ ಮೋಟಾರ್ ಕಾಯಿಸುತ್ತದೆ. ಶಾಫ್ಟ್‌ಗೆ ನೀರು ತಡೆಯುವ ಗ್ರೀಸ್ ಹಚ್ಚಿ, ಪ್ರತಿ ದಿನದ ಓಟ ಮುಗಿದ ಮೇಲೆ ಹೊರತೆಗೆದು ಒರೆಸಿ.

ತಿರುವಿನ ರೆಕ್ಕೆ, ಅಂದರೆ ಫಿನ್, 2 ಮಿ.ಮೀ. ಗಟ್ಟಿ ಅಲ್ಯೂಮಿನಿಯಂನದು, ನಡುಗೆರೆಗೆ ಸಮಾನಾಂತರ. ಅಮೆರಿಕದ ನಿಜದ ರೇಸುಗಳು ಎಡಕ್ಕೆ ತಿರುಗುತ್ತವೆ. ಆದರೆ ಅಲ್ಲಿನ ಮಾದರಿ ದೋಣಿಗಳ ರೇಸು ಸಾಮಾನ್ಯವಾಗಿ ಬಲಕ್ಕೆ. ನೀವು ಯಾವ ಕಡೆಗೆ ತಿರುಗಿಸುತ್ತೀರೋ ಆ ಕಡೆಯ ಸ್ಪಾನ್ಸನ್ನಿಗೆ ಫಿನ್ ಹಾಕಿ.

ಡೆಕ್, ವೆನಿಯರ್, ಬಣ್ಣ

0.8 ಮಿ.ಮೀ. ಪ್ಲೈ ಎರಡು ದಿಕ್ಕಿಗೆ ಒಟ್ಟಿಗೆ ಬಾಗುವುದಿಲ್ಲ. ಗುಂಡು ಮೂತಿಯ ಹತ್ತಿರ 20 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ ಹಾಕಿ, ಮೇಲೆ ವೆನಿಯರ್ ಬರುವುದರಿಂದ ಕೂಡುಗೆರೆ ಕಾಣುವುದಿಲ್ಲ. ವೆನಿಯರನ್ನು ನಡುಗೆರೆಯಿಂದ ಶುರುಮಾಡಿ, ಎಡಬಲಕ್ಕೆ ಒಂದೇ ಹಾಳೆಯ ಅಕ್ಕಪಕ್ಕದ ತುಂಡುಗಳನ್ನು ಪುಸ್ತಕ ತೆರೆದಂತೆ ಜೋಡಿಸಿ. ಸ್ಟೇನ್ ಹಚ್ಚುವುದಿದ್ದರೆ ಎಪಾಕ್ಸಿಗೆ ಮೊದಲು. ಚೂರಿನ ಮೇಲೆ ಪರೀಕ್ಷಿಸಿ, ಏಕೆಂದರೆ ರೆಸಿನ್ ಬಿದ್ದ ಮೇಲೆ ಮರ ಎರಡು ಛಾಯೆ ಗಾಢವಾಗುತ್ತದೆ.

25 ಗ್ರಾಂ ಬಟ್ಟೆ, ತೆಳು ಎಪಾಕ್ಸಿ, ಆಮೇಲೆ ಇನ್ನೆರಡು ಕೋಟ್. ತೇವದ ಹವೆಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಏಳುತ್ತದೆ. ಉಜ್ಜುವ ಮೊದಲು ನೀರು, ಪಾತ್ರೆ ತಿಕ್ಕುವ ಸ್ಕ್ರಬ್‌ನಿಂದ ಅದನ್ನು ತೊಳೆಯದಿದ್ದರೆ ಮೇಲಿನ ಬಣ್ಣ ಹಾಳೆಯಂತೆ ಸುಲಿದು ಬರುತ್ತದೆ. ಎಪಾಕ್ಸಿ ಬಿಸಿಲಿಗೆ ಹಳದಿಯಾಗುವುದರಿಂದ ಕೊನೆಗೆ ಕಾರು ಪೇಂಟ್ ಅಂಗಡಿಯ ಎರಡು ಡಬ್ಬಿಯ ಪಿಯು ಕ್ಲಿಯರ್ (ಪಾಲಿಯುರೆಥೇನ್ ಪಾರದರ್ಶಕ ವಾರ್ನಿಶ್) ಬೇಕೇಬೇಕು. ಅದರ ಹಾರ್ಡನರ್ ಶ್ವಾಸಕೋಶಕ್ಕೆ ಅಪಾಯ. ಬಟ್ಟೆ ಮಾಸ್ಕ್ ಸಾಲದು, ರಾಸಾಯನಿಕ ಆವಿ ತಡೆಯುವ ಫಿಲ್ಟರ್ ಮಾಸ್ಕ್ ಹಾಕಿ, ಹೊರಗೆ ಸಿಂಪಡಿಸಿ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಮುಟ್ಟದಿರುವುದೇ ಒಳ್ಳೆಯದು. ಕ್ಲಿಯರ್ ಒಳಗೆ ಬಿಳಿ ಮಂಜು ಕಟ್ಟಿಕೊಳ್ಳುತ್ತದೆ.

ಹೆಸರು, ಯು-27 ಎಂಬ ಸಂಖ್ಯೆಗಳಿಗೆ ಬೈಕ್ ನಂಬರ್ ಪ್ಲೇಟ್ ಸ್ಟಿಕರ್ ಕತ್ತರಿಸುವ ಅಂಗಡಿ ಸಾಕು. ಆದರೆ ಅಕ್ಷರಗಳನ್ನೇ ಅಂಟಿಸಬೇಡಿ. ಅಕ್ಷರ ತೆಗೆದ ಹಾಳೆಯನ್ನು ಅಚ್ಚಾಗಿ ಅಂಟಿಸಿ ಬಣ್ಣ ಸಿಂಪಡಿಸಿ. ಮೂಲದಲ್ಲೂ ಅದು ಬಣ್ಣವೇ.

ಎಂಜಿನ್ ಮತ್ತು ಕಾಕ್‌ಪಿಟ್

ಮೂಲದಲ್ಲಿದ್ದದ್ದು ಯುದ್ಧವಿಮಾನಗಳ ಆಲಿಸನ್ ವಿ-12, 1710 ಘನ ಇಂಚು, ಸುಮಾರು 28 ಲೀಟರ್. ಎಡಬಲಕ್ಕೆ ಆರಾರು ಸಿಲಿಂಡರ್. ಹೊರಗೆ ಕಾಣುವ ಹೊಗೆಕೊಳವೆಗಳಿಗೆ ಹಳೆಯ ರೇಡಿಯೊದ ಮಡಚುವ ಆಂಟೆನಾ ಬಿಚ್ಚಿ: 4ರಿಂದ 7 ಮಿ.ಮೀ.ವರೆಗೆ ಒಂದರೊಳಗೊಂದು ಕೂರುವ ಹಿತ್ತಾಳೆ ಕೊಳವೆಗಳು ಸಿಗುತ್ತವೆ. ಸವಾರ ಕೂರುವುದು ಎಂಜಿನ್ನಿನ ಹಿಂದೆ. ದಾಖಲೆಯ ದಿನ ಸೇರ್ಸ್ ಜೊತೆ ಟೆಡ್ ಜೋನ್ಸ್ ಕೂಡ ಇದ್ದರು, ಆದ್ದರಿಂದ 1950ರ ಮಾದರಿಯಲ್ಲಿ ಎರಡು ಗೊಂಬೆ. ಕೂತ ಎತ್ತರ ಸುಮಾರು 115 ಮಿ.ಮೀ., ಮೈ ಫೋಮಿನದು, ತೂಕ ಒಂದಕ್ಕೆ 60 ಗ್ರಾಂ ಒಳಗೆ.

ನೀರಿಗಿಳಿಸುವುದು

ಸಮತೋಲ ಮೊದಲು. ಬ್ಯಾಟರಿ ಸಹಿತ ದೋಣಿಯನ್ನು ಎರಡೂ ಪಕ್ಕ ಬೆರಳ ಮೇಲೆ ಎತ್ತಿದಾಗ ಸ್ಪಾನ್ಸನ್ನಿನ ಹಿಂದಿನ ಅಂಚಿನಿಂದ 45 ಮಿ.ಮೀ. ಹಿಂದೆ ಅದು ಸಮನಾಗಿ ನಿಲ್ಲಬೇಕು. ಬ್ಯಾಟರಿ ಹಿಂದೆ ಮುಂದೆ 60 ಮಿ.ಮೀ. ಸರಿಯುವಂತೆ ವೆಲ್ಕ್ರೊ ಪಟ್ಟಿ ಹಾಕಿರಿ. ರಿಮೋಟ್ ಸಿಗ್ನಲ್ ತಪ್ಪಿದರೆ ಮೋಟಾರ್ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ದಡದಲ್ಲೇ ರಿಮೋಟ್ ಆರಿಸಿ ಪರೀಕ್ಷಿಸಿ. ಚೂಪು ಮಾಡಿದ ಪ್ರೊಪೆಲ್ಲರ್ ಬೆರಳು ಕತ್ತರಿಸುತ್ತದೆ. ಬ್ಯಾಟರಿ ಸಿಕ್ಕಿಸಿದ ಮೇಲೆ ಹಿಂಭಾಗಕ್ಕೆ ಕೈ ಒಯ್ಯಬೇಡಿ. ಈಜುವವರು, ಹಕ್ಕಿಗಳು ಇರುವ ಕಡೆ ಬೇಡ. ನಮ್ಮ ಕೆರೆಗಳಲ್ಲಿ ಓಡಿಸುವವರು ಅನುಮತಿ ಕೇಳಿ, ಅಂತರಗಂಗೆ ಇಲ್ಲದ ಜಾಗ ನೋಡಿಕೊಳ್ಳಿ. ಒಂದು ಬೇರು ಶಾಫ್ಟ್‌ಗೆ ಸುತ್ತಿಕೊಂಡರೆ ಇಎಸ್‌ಸಿ ಸುಡುತ್ತದೆ. ಅಲೆ 5 ಸೆಂ.ಮೀ. ದಾಟಿದ ದಿನ ಮನೆಗೆ ವಾಪಸು.

ತೊಂದರೆ ಕಂಡರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ.

ಮೂತಿ ಏಳುತ್ತಿದ್ದರೆ ಇದೇ ಅತ್ಯಂತ ಅಪಾಯದ ಲಕ್ಷಣ. 1955ರಲ್ಲಿ ಇದರ ತಂಗಿ ದೋಣಿ ಸ್ಲೋ-ಮೋ-ಶನ್ 5, ಲೂ ಫೇಜಲ್ ಓಡಿಸುತ್ತಿದ್ದಾಗ ಅರ್ಹತಾ ಓಟದಲ್ಲಿ ಗಾಳಿಗೆ ಎದ್ದು ಪೂರ್ತಿ ಲಾಗ ಹಾಕಿತು. ಬ್ಯಾಟರಿ 5 ಮಿ.ಮೀ. ಮುಂದೆ ಸರಿಸಿ, ಆಗಲೂ ಎದ್ದರೆ ಸ್ಟ್ರಟ್ 1 ಮಿ.ಮೀ. ಇಳಿಸಿ. ಸ್ಟ್ರಟ್ ಇಳಿದರೆ ಹಿಂಭಾಗ ಎತ್ತರವಾಗಿ ಸ್ಪಾನ್ಸನ್ನಿನ ಕೋನ ಕಡಿಮೆಯಾಗುತ್ತದೆ.

ಹಿಂಭಾಗ ಕಪ್ಪೆಯಂತೆ ಜಿಗಿಯುತ್ತಿದ್ದರೆ ಪ್ರೊಪೆಲ್ಲರ್ ಎತ್ತುವ ಬಲ ಹೆಚ್ಚಾಗಿದೆ. ಸ್ಟ್ರಟ್ 1 ಮಿ.ಮೀ. ಏರಿಸಿ, ಅಥವಾ ಅದರ ಹಿಂತುದಿಯನ್ನು ಅರ್ಧ ಡಿಗ್ರಿ ಮೇಲಕ್ಕೆ ತಿರುಗಿಸಿ.

ಒಂದು ಕಡೆಗೆ ಎಳೆಯುತ್ತಿದ್ದರೆ ರಡರ್ ಟ್ರಿಮ್ ಮುಟ್ಟುವ ಮೊದಲು ದೋಣಿಯನ್ನು ಗ್ರಾನೈಟ್ ಮೇಲಿಟ್ಟು ಎರಡೂ ಸ್ಪಾನ್ಸನ್ ಅಳೆಯಿರಿ. ಹೆಚ್ಚಾಗಿ ತಪ್ಪು ಅಲ್ಲೇ ಸಿಗುತ್ತದೆ. ತಿರುವಿನಲ್ಲಿ ಹಿಂಭಾಗ ಜಾರಿ ಬುಗುರಿಯಾದರೆ ಫಿನ್ ಆಳ ಸಾಲದು. ನೀರಿನ ಮೇಲೆ ಏಳದೆ ಉಳುಮೆ ಮಾಡುತ್ತಿದ್ದರೆ ಮೊದಲು ತೂಕ ನೋಡಿ, ಆಮೇಲೆ ಒಳಗೆ ನೀರು ಸೇರಿದೆಯೇ ನೋಡಿ. ಎರಡೂ ಸರಿಯಿದ್ದರೆ ಥ್ರಾಟಲ್ ಕೊಡುವ ರೀತಿ ಬದಲಿಸಿ: ಅರೆಮನಸ್ಸಿನಿಂದ ಏರಿಸಿದರೆ ಈ ದೋಣಿ ಏಳುವುದಿಲ್ಲ, ಎರಡು ಸೆಕೆಂಡಿನಲ್ಲಿ ಮುಕ್ಕಾಲು ಭಾಗ ಕೊಟ್ಟು, ಎದ್ದ ಮೇಲೆ ತುಸು ಇಳಿಸಿ.